ವಿದ್ಯಾರ್ಥಿಗಳ ಕೈಯಲ್ಲಿ ಪತ್ರಿಕೆ

ಶಾಲಾಪತ್ರಿಕೆಯೆಂದರೆ ಮಕ್ಕಳ ಕಥೆ, ಕವನ ಹಾಗೂ ವಾರ್ಷಿಕೋತ್ಸವದ ವರದಿಗಳ ಸಂಕಲನವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅಮೆರಿಕದ ಅನೇಕ ಪ್ರೌಢಶಾಲೆಗಳಲ್ಲಿ ಪತ್ರಿಕೋದ್ಯಮವು ಒಂದು ಪಾಠವಿಷಯವಾಗಿಯೇ ಬೆಳೆದುಬಂದಿದೆ. ಅಲ್ಲಿ ವಿದ್ಯಾರ್ಥಿಗಳೇ ವರದಿಗಾರರು, ವಿದ್ಯಾರ್ಥಿಗಳೇ ಸಂಪಾದಕರು, ಅಧ್ಯಾಪಕರು ಮಾರ್ಗದರ್ಶಕರು. ಇಂತಹ ಎಳೆಯ ಪತ್ರಕರ್ತರನ್ನು ಗೌರವಿಸಲು 1926ರಲ್ಲಿಯೇ ಅಯೋವಾ ವಿಶ್ವವಿದ್ಯಾನಿಲಯದಲ್ಲಿ 'ಕ್ವಿಲ್ ಅಂಡ್ ಸ್ಕ್ರೋಲ್' ಎಂಬ ಸಂಘವು ಸ್ಥಾಪನೆಯಾಯಿತು.

ಲೇಖನಿಯನ್ನು ಮಕ್ಕಳಿಗೆ ಕೊಟ್ಟ ಮೇಲೆ ಅವರು ಬರೆದುದನ್ನು ತಡೆಯುವ ಅಧಿಕಾರ ಯಾರಿಗಿದೆ? ಈ ಪ್ರಶ್ನೆಯು ಮಿಸೌರಿ ಸಂಸ್ಥಾನದ ಹೇಜಲ್‌ವುಡ್ ಈಸ್ಟ್ ಪ್ರೌಢಶಾಲೆಯಲ್ಲಿ ಉದ್ಭವಿಸಿತು. 1983ರ ಮೇ ತಿಂಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳು ತಮ್ಮ 'ಸ್ಪೆಕ್ಟ್ರಮ್' ಪತ್ರಿಕೆಗಾಗಿ ಹದಿಹರೆಯದವರ ಗರ್ಭಧಾರಣೆ ಮತ್ತು ತಂದೆತಾಯಿಯರ ವಿಚ್ಛೇದನವನ್ನು ಕುರಿತು ಲೇಖನಗಳನ್ನು ಸಿದ್ಧಪಡಿಸಿದ್ದರು. ಹೆಸರು ಬದಲಿಸಿದ್ದರೂ ಆ ಬಾಲಕಿಯರು ಯಾರೆಂಬುದು ತಿಳಿದೀತೆಂದೂ, ದೂಷಣೆಗೆ ಒಳಗಾದ ಒಬ್ಬ ತಂದೆಗೆ ಉತ್ತರಿಸುವ ಅವಕಾಶ ದೊರೆತಿಲ್ಲವೆಂದೂ ಮುಖ್ಯೋಪಾಧ್ಯಾಯರು ಆತಂಕಗೊಂಡರು. ಎರಡು ಪುಟಗಳನ್ನೇ ಕೈಬಿಡಿಸಿದರು. ಮೂವರು ವಿದ್ಯಾರ್ಥಿನಿಯರು ನ್ಯಾಯಾಲಯದ ಮೊರೆಹೊಕ್ಕರು. ಪಾಠಕ್ರಮದ ಅಂಗವಾದ ಪತ್ರಿಕೆಯನ್ನು ಯುಕ್ತವಾದ ಶೈಕ್ಷಣಿಕ ಕಾರಣಕ್ಕಾಗಿ ನಿಯಂತ್ರಿಸಬಹುದೆಂದು 1988ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 5–3ರ ಬಹುಮತದಿಂದ ತೀರ್ಪಿತ್ತಿತು.

ಮುಖ್ಯೋಪಾಧ್ಯಾಯರ ಆತಂಕ ನಿರಾಧಾರವಾಗಿತ್ತೆಂದು ನಾವು ಹೇಳಲಾರೆವು. ಪರರ ಮಾನವನ್ನು ಕಾಯುವುದೂ ಪತ್ರಕರ್ತನ ಧರ್ಮವೇ. ಆದರೆ ಮಕ್ಕಳನ್ನು ಕರೆದು ತಪ್ಪನ್ನು ತೋರಿಸಿ ತಿದ್ದಿಸಿದ್ದರೆ, ಅದೇ ಅವರಿಗೆ ಪತ್ರಿಕೋದ್ಯಮದ ಅತ್ಯುತ್ತಮ ಪಾಠವಾಗುತ್ತಿತ್ತು. ಅಚ್ಚಾದ ಪತ್ರಿಕೆ ಕೈಸೇರಿದಾಗಲೇ ಪುಟಗಳು ಹೋದುದು ಅವರಿಗೆ ತಿಳಿದುಬಂದುದು ವಿಷಾದದ ಸಂಗತಿ.

ಈ ತೀರ್ಪಿನ ನಂತರ ಕೆಲವು ಸಂಸ್ಥಾನಗಳು ವಿದ್ಯಾರ್ಥಿ ಪತ್ರಿಕೆಗಳ ರಕ್ಷಣೆಗಾಗಿ ತಮ್ಮದೇ ಶಾಸನಗಳನ್ನು ರಚಿಸಿದವು. ಕ್ಯಾನ್ಸಸ್ ಸಂಸ್ಥಾನವು 1992ರಲ್ಲಿ ಇಂತಹ ಕಾನೂನನ್ನು ತಂದಿತು. ಅದರ ಫಲವನ್ನು ಪಿಟ್ಸ್‌ಬರ್ಗ್ ಪ್ರೌಢಶಾಲೆಯಲ್ಲಿ ಕಾಣಬಹುದು. 2017ರಲ್ಲಿ ಅಲ್ಲಿಗೆ ನೂತನ ಮುಖ್ಯೋಪಾಧ್ಯಾಯರು ಆಯ್ಕೆಯಾದಾಗ, 'ಬೂಸ್ಟರ್ ರೀಡಕ್ಸ್' ಪತ್ರಿಕೆಯ ವಿದ್ಯಾರ್ಥಿಗಳು ಪರಿಚಯಲೇಖನಕ್ಕಾಗಿ ವಿವರ ಸಂಗ್ರಹಿಸತೊಡಗಿದರು. ಪದವಿಗಳನ್ನಿತ್ತಿತೆನ್ನಲಾದ ಸಂಸ್ಥೆಯ ಮಾನ್ಯತೆಯೇ ಸಂಶಯಾಸ್ಪದವೆನಿಸಿತು. ಅವರು ವಾರಗಟ್ಟಲೆ ವಿಚಾರಿಸಿ, ಸಂಬಂಧಪಟ್ಟವರನ್ನೂ ಪ್ರಶ್ನಿಸಿ, ಬಳಿಕವೇ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಆ ಮುಖ್ಯೋಪಾಧ್ಯಾಯರು ರಾಜೀನಾಮೆಯಿತ್ತರು.

ಅಧಿಕಾರಸ್ಥರನ್ನು ಕೆಳಗಿಳಿಸಿದುದಕ್ಕಾಗಿ ನಾವು ಆ ಮಕ್ಕಳನ್ನು ಮೆಚ್ಚುವುದಲ್ಲ. ಕೇಳಿದುದನ್ನು ಪರೀಕ್ಷಿಸದೆ ಬರೆಯಲಿಲ್ಲ ಎಂಬುದಕ್ಕಾಗಿ ಮೆಚ್ಚುತ್ತೇವೆ. ಹಿರಿಯರು ವಿಶ್ವಾಸವಿಟ್ಟಾಗ ಕಿರಿಯರು ಹೊಣೆಯರಿತು ನಡೆಯಬಲ್ಲರು. ನಮ್ಮ ಮಕ್ಕಳ ಕೈಗೂ ಲೇಖನಿಯೊಡನೆ ಆ ವಿಶ್ವಾಸವನ್ನು ನೀಡೋಣ.