ಥೇಮ್ಸ್ ದಂಡೆಯ ಅಡಿಯಲ್ಲಿರುವ ಲಂಡನ್

ಊರಿಂದ ಬಂದವರನ್ನು ಥೇಮ್ಸ್ ದಂಡೆಯ ನಡಿಗೆಗೆ ಕರೆದೊಯ್ಯುವಾಗ ನಾನು ಹೊರಡುವುದು ಪಾರ್ಲಿಮೆಂಟಿನ ಮುಂದಿನಿಂದಲ್ಲ, ಎಂಬ್ಯಾಂಕ್‌ಮೆಂಟ್ ಸ್ಟೇಷನ್ ಪಕ್ಕದ ಉದ್ಯಾನದಿಂದ. ನನ್ನ ಜೊತೆ ಬರುವವರಲ್ಲಿ ಮಕ್ಕಳ ಮನೆಗೆಂದು ಬಂದ ಹಿರಿಯರೇ ಹೆಚ್ಚು. ಅವರಿಗೆ ಮೊದಲು ತೋರಿಸುವುದು ಯಾರ್ಕ್ ವಾಟರ್ ಗೇಟ್ ಎಂಬ ಕಲ್ಲಿನ ಬಾಗಿಲನ್ನು. ಬಕಿಂಗ್‌ಹ್ಯಾಮಿನ ಡ್ಯೂಕ್ ತನ್ನ ಬಂಗಲೆಯಿಂದ ನೇರವಾಗಿ ದೋಣಿ ಹತ್ತಲೆಂದು 1626ರ ಸುಮಾರಿಗೆ ಕಟ್ಟಿಸಿದ್ದು. ಮೂರು ಕಮಾನು, ನೆತ್ತಿಯ ಮೇಲೆ ಸಿಂಹಗಳು. ಮಳೆ, ಮಸಿ, ಹೊಗೆಗೆ ಸವೆದ ಕಲ್ಲನ್ನು ಮುಟ್ಟಿ ನೋಡಿದ ಮೇಲೆ ಎಲ್ಲರೂ ಕೇಳುವುದು ಒಂದೇ: "ದೋಣಿ ಹತ್ತೋಕೆ ಹೊಳೆ ಎಲ್ಲಿ?" ಹೊಳೆ ಅಲ್ಲಿಂದ ನೂರು ಮೀಟರಿಗೂ ಆಚೆ, ಹುಲ್ಲುಹಾಸು, ರಸ್ತೆ, ಗ್ರಾನೈಟ್ ಗೋಡೆ ದಾಟಿದ ಮೇಲೆ.

ನಡುವಿನ ಈ ನೆಲವನ್ನೆಲ್ಲ ಮನುಷ್ಯರು ಹೊಳೆಯಿಂದ ಕಿತ್ತುಕೊಂಡದ್ದು. ಅದಕ್ಕೆ ಕಾರಣ ಹೇಸಿಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲಶ್ ಕಕ್ಕಸುಗಳು ಬಂದು ಮನೆಗಳ ಗುಂಡಿಗಳು ತುಂಬಿ ಹರಿದವು. ಗುಂಡಿ ಮುಚ್ಚಿ ಮೋರಿಗೆ ಸೇರಿಸಿ ಎಂದು 1840ರ ದಶಕದ ಕೊನೆಯಲ್ಲಿ ಅಧಿಕಾರಿಗಳು ಹಟ ಹಿಡಿದರು. ಮೋರಿಗಳೆಲ್ಲ ಹೋಗಿ ಬೀಳುತ್ತಿದ್ದುದು ಥೇಮ್ಸಿಗೆ, ಮತ್ತು ಜನ ಕುಡಿಯುತ್ತಿದ್ದುದೂ ಅದೇ ಥೇಮ್ಸಿನ ನೀರು. 1848-49ರ ಕಾಲರಾ ಒಂದರಲ್ಲೇ ಲಂಡನ್ನಿನಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು.

ಅಷ್ಟು ಸಾವು ಮಾಡಿಸದ ಕೆಲಸವನ್ನು 1858ರ ಬೇಸಿಗೆಯ ದುರ್ನಾತ ಮಾಡಿಸಿತು. ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಬ್ಲೀಚಿನಲ್ಲಿ ಅದ್ದಿ ನೇತುಹಾಕಿದರೂ ಸದಸ್ಯರಿಗೆ ಕೂರಲಾಗಲಿಲ್ಲ. ಆಗಸ್ಟಿನ ಹೊತ್ತಿಗೆ ಹೊಳೆಯನ್ನು ಶುದ್ಧಗೊಳಿಸುವ ಕಾಯ್ದೆ ಪಾಸಾಯಿತು. ಬಡವರ ಕೇರಿಯ ಹೆಣಗಳು ಮುಟ್ಟದ ಮನಸ್ಸನ್ನು ತಮ್ಮ ಮೂಗು ಮುಟ್ಟಿತು ಎಂಬುದು ಇಂದಿಗೂ ನನ್ನಲ್ಲಿ ಸಿಟ್ಟು ತರಿಸುತ್ತದೆ.

ಕೆಲಸ ಬಿದ್ದದ್ದು ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಜೆಟ್ ಕೈಗೆ. ಹೊಳೆಗೆ ಬೀಳುವ ಮೋರಿಗಳನ್ನು ನಡುವೆಯೇ ಅಡ್ಡಗಟ್ಟಿ, ಕೊಳಚೆಯನ್ನು ಪೂರ್ವಕ್ಕೆ ಊರಾಚೆ ಸಾಗಿಸಿ, ನೀರು ಸಮುದ್ರದ ಕಡೆ ಇಳಿಯುವ ಹೊತ್ತು ನೋಡಿ ಹೊರಬಿಡುವುದು ಅವನ ಯೋಜನೆ. 82 ಮೈಲಿ ಮುಖ್ಯ ಒಳಚರಂಡಿಗೆ ಸುಮಾರು 31.8 ಕೋಟಿ ಇಟ್ಟಿಗೆ ಬೇಕಾಯಿತು. ನಡುಪೇಟೆಯ ರಸ್ತೆಗಳನ್ನು ಅಗೆಯುವ ಬದಲು ಹೊಳೆಯಂಚನ್ನೇ ತುಂಬಿಸಿ ದಂಡೆ ಕಟ್ಟಿದರು. 1870ರಲ್ಲಿ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಅದೇ. ಕಾಲ ಕೆಳಗೆ ಚರಂಡಿ, ಅದರ ಮೇಲೆ ಗ್ಯಾಸು-ನೀರಿನ ಕೊಳವೆಗಳ ಸುರಂಗ, ಮಗ್ಗುಲಲ್ಲಿ ರೈಲು. ಒಂದು ಕ್ಷಣ ಸುಮ್ಮನೆ ನಿಂತರೆ ರೈಲು ಹೋಗುವ ನಡುಕ ಚಪ್ಪಲಿಯವರೆಗೆ ಬರುವುದುಂಟು.

1866ರಲ್ಲಿ ಕಾಲರಾ ಮತ್ತೆ ಬಂತು. ಈ ಸಲ ಅದು ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಹೊಸ ಏರ್ಪಾಟು ಇನ್ನೂ ಪೂರ್ತಿಯಾಗದಿದ್ದ ಪೂರ್ವ ಲಂಡನ್ನಿನಲ್ಲಿ. ಅದೇ ಕೊನೆ, ಲಂಡನ್ ಮತ್ತೆ ಅಂಥ ಕಾಲರಾ ಕಾಣಲಿಲ್ಲ. ರೋಗ ಹರಡುವುದು ಕೆಟ್ಟ ವಾಸನೆಯಿಂದ ಎಂದೇ ಆಗ ಹೆಚ್ಚಿನವರ ನಂಬಿಕೆಯಾಗಿತ್ತು. ವಾಸನೆ ಓಡಿಸಲು ಹೊರಟವರು ನೀರನ್ನು ಉಳಿಸಿದರು.

ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ಸೇಂಟ್ ಥಾಮಸ್ ಆಸ್ಪತ್ರೆ ಹಿಂದಿಟ್ಟು ದಕ್ಷಿಣಕ್ಕೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಪ್ರವಾಹಕ್ಕೆ ಸಿಗುತ್ತಿದ್ದ ಲ್ಯಾಂಬೆತ್‌ನ ತಗ್ಗು ಕೇರಿಗಳನ್ನು ಕಾಯಲು ಇದನ್ನೂ ಬ್ಯಾಜಲ್‌ಜೆಟ್ಟೇ ಕಟ್ಟಿಸಿದ. ದೋಣಿ ಕಟ್ಟುವವರ ಅಂಗಳಗಳು ಇದರಡಿ ಮಾಯವಾದವು. 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ ಬಸವಣ್ಣನ ಪ್ರತಿಮೆ ಇರುವುದು ಇಲ್ಲೇ. ಹಿರಿಯರು ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಅವರಿಗೆ ಕಾಯಕದ ಮಾತನ್ನೇ ನೆನಪಿಸುತ್ತೇನೆ. ಬ್ಯಾಜಲ್‌ಜೆಟ್‌ಗೆ ಸರ್ ಪದವಿ ಬಂತು, ಆಚೆ ದಂಡೆಯಲ್ಲಿ ಸ್ಮಾರಕವೂ ಇದೆ. ಕೆಸರಿನಲ್ಲಿ ನಿಂತು ಅಗೆದವರ, ಇಟ್ಟಿಗೆ ಹೊತ್ತವರ ಹೆಸರು ಮಾತ್ರ ಈ ದಂಡೆಗಳ ಯಾವ ಕಲ್ಲಿನ ಮೇಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅವರು ಕಟ್ಟಿದ ಚರಂಡಿಗಳು ಇಂದಿಗೂ ದುಡಿಯುತ್ತಿವೆ. ಮಳೆ ಬಂದಾಗಿನ ಉಕ್ಕು ತಡೆಯಲು 25 ಕಿಲೋಮೀಟರ್ ಉದ್ದದ ಹೊಸ ಸುರಂಗ ಈಚೆಗಷ್ಟೇ ಅವುಗಳ ನೆರವಿಗೆ ಬಂದಿದೆ. ಬಸವಣ್ಣನ ದರ್ಶನಕ್ಕೆ ಬಂದವರು ದಯವಿಟ್ಟು ಅಷ್ಟಕ್ಕೇ ಹಿಂತಿರುಗಬೇಡಿ. ಸೇತುವೆ ದಾಟಿ ಆಚೆ ದಂಡೆಯಲ್ಲೂ ಒಮ್ಮೆ ನಡೆಯಿರಿ.