ಖಾಸಗಿ ಫಿರ್ಯಾದು: ಹಕ್ಕು ಮತ್ತು ಹೊಣೆ

ಅಪರಾಧಿಯನ್ನು ದಂಡಿಸುವ ಅಧಿಕಾರ ರಾಜ್ಯದ್ದು. ಆದರೆ ಆ ಅಧಿಕಾರವನ್ನು ಎಚ್ಚರಿಸುವ ಹಕ್ಕು ಸಾಮಾನ್ಯ ಪ್ರಜೆಗೂ ಉಂಟು. ಪೋಲೀಸರು ದೂರನ್ನು ಕೈಗೆತ್ತಿಕೊಳ್ಳದಿದ್ದರೂ ನೊಂದವನು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಂತು ನ್ಯಾಯ ಬೇಡಬಹುದು. ಇದನ್ನೇ ಖಾಸಗಿ ಫಿರ್ಯಾದು ಎನ್ನುವರು.

ಈ ಹಕ್ಕು ಹೊಸದಲ್ಲ. 1861ರ ದಂಡ ಪ್ರಕ್ರಿಯಾ ಸಂಹಿತೆಯು 1862ರಲ್ಲಿ ಜಾರಿಗೆ ಬಂದಿತು. ನಮ್ಮ ಉತ್ತರ ಕನ್ನಡವು ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ್ದೂ ಅದೇ ವರ್ಷ. ಮುಂದೆ 1898ರ ಮತ್ತು 1973ರ ಸಂಹಿತೆಗಳೂ ಈ ಬಾಗಿಲನ್ನು ತೆರೆದೇ ಇಟ್ಟವು. ಆದರೆ ಬಾಗಿಲಲ್ಲಿ ಕಾವಲನ್ನೂ ಇರಿಸಿದವು. ಫಿರ್ಯಾದಿಯನ್ನು ಪ್ರಮಾಣಪೂರ್ವಕವಾಗಿ ವಿಚಾರಿಸಬೇಕು. ಆಧಾರವಿಲ್ಲದಿದ್ದರೆ ದೂರನ್ನು ವಜಾ ಮಾಡಬೇಕು. ಸಕಾರಣವಿಲ್ಲದೆ ಆರೋಪ ಹೊರಿಸಿದವನಿಂದ 250ನೆಯ ಕಲಮಿನ ಮೇರೆಗೆ ಪರಿಹಾರ ಕೊಡಿಸಬಹುದಿತ್ತು. ಸುಳ್ಳು ದೂರಿನ ಭಯ ಶಾಸನಕರ್ತರಿಗೆ ಮೊದಲಿನಿಂದಲೂ ಇತ್ತೆಂಬುದು ಇದರಿಂದ ಸ್ಪಷ್ಟ.

ಸಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ವ್ಯಾಪಾರವು ನಂಬಿಕೆಯ ಮೇಲೆ ನಿಂತದ್ದು. ಕೊಯ್ಲಿಗೆ ಮುನ್ನ ಮುಂಗಡ, ಮಾರಾಟದ ತರುವಾಯ ಲೆಕ್ಕ ಚುಕ್ತಾ. ಖಾತೆ ಪುಸ್ತಕವೇ ಸಾಕ್ಷಿ. ಕಾಲಕ್ರಮದಲ್ಲಿ ಆ ಪುಸ್ತಕದ ಸ್ಥಾನಕ್ಕೆ ಚೆಕ್ಕು ಬಂದಿತು. 1989ರ ಏಪ್ರಿಲ್ 1ರಿಂದ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮು ಚೆಕ್ಕಿನ ಅಮಾನ್ಯತೆಯನ್ನು ಅಪರಾಧವೆಂದು ಸಾರಿತು. ಇಲ್ಲಿ ಫಿರ್ಯಾದು ಹೂಡಬೇಕಾದವನು ಹಣ ಬರಬೇಕಾದವನೇ, ಪೋಲೀಸರಲ್ಲ.

ಇದರ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ನಮ್ಮ ರಾಜ್ಯದಿಂದಲೇ ಹೋದ, 45 ಸಾವಿರ ರೂಪಾಯಿಯ ಕೈಗಡದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಸಾಲಿಗನ ಪಕ್ಷವನ್ನು ಎತ್ತಿಹಿಡಿಯಿತು. ಸಹಿಯುಳ್ಳ ಚೆಕ್ಕು ಸಾಲದ ತೀರುವಳಿಗಾಗಿಯೇ ಕೊಟ್ಟದ್ದೆಂದು ಕಾನೂನು ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಭಾರ ಆರೋಪಿಯ ಮೇಲೆ.

ಇದೇ ಭಾವನೆ ದುರ್ಬಳಕೆಗೂ ದಾರಿ. ಮೊತ್ತ, ತಾರೀಖು ಬರೆಯದ ಸಹಿ ಚೆಕ್ಕನ್ನು ಭದ್ರತೆಗೆಂದು ಪಡೆದು, ಮುನಿಸು ಬಂದಾಗ ಮನಸ್ಸಿಗೆ ತೋಚಿದ ಅಂಕಿ ತುಂಬುವವರೂ ಉಂಟು. 2019ರಲ್ಲಿ ಕರ್ನಾಟಕದ್ದೇ ಇನ್ನೊಂದು ಮೊಕದ್ದಮೆಯಲ್ಲಿ, 6 ಲಕ್ಷ ರೂಪಾಯಿ ಸಾಲ ಕೊಡುವ ಶಕ್ತಿ ತನಗಿತ್ತೆಂದು ಫಿರ್ಯಾದಿಯು ರುಜುಪಡಿಸಲಿಲ್ಲವಾಗಿ ಅದೇ ನ್ಯಾಯಾಲಯವು ಆರೋಪಿಯ ಬಿಡುಗಡೆಯನ್ನು ಮರಳಿ ಸ್ಥಾಪಿಸಿತು. ಆದರೆ ಬಿಡುಗಡೆಯ ಮುನ್ನ ಕಳೆದ ವರ್ಷಗಳನ್ನು ಯಾರು ತುಂಬಿಕೊಡಬೇಕು? ಸಮನ್ಸು ಬಂದ ದಿನವೇ ಮನೆತನದ ಮರ್ಯಾದೆ ಪೇಟೆಯ ಬಾಯಿಗೆ ಬೀಳುತ್ತದೆ. ಸುಳ್ಳು ಫಿರ್ಯಾದನ್ನು ರದ್ದುಪಡಿಸಿಕೊಳ್ಳಲು, 2008ರಲ್ಲಿ ಧಾರವಾಡಕ್ಕೆ ಉಚ್ಚ ನ್ಯಾಯಾಲಯದ ಪೀಠ ಬರುವವರೆಗೆ, ನಮ್ಮವರು ಬೆಂಗಳೂರಿಗೇ ಹೋಗಬೇಕಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 223ನೆಯ ಕಲಮು, ಫಿರ್ಯಾದಿನ ಸಂಜ್ಞಾನ ಪಡೆಯುವ ಮೊದಲೇ ಆರೋಪಿಯ ಮಾತನ್ನೂ ಆಲಿಸಬೇಕೆಂದು ವಿಧಿಸಿರುವುದು ಸ್ವಾಗತಾರ್ಹ.

ಆದರೂ ಕಲಮಿಗಿಂತ ಮುಂಚೆ ಆತ್ಮಸಾಕ್ಷಿಯಿದೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸಿದೆ. ನಂಬಿ ಕೊಟ್ಟ ಖಾಲಿ ಚೆಕ್ಕಿನಲ್ಲಿ ಇಲ್ಲದ ಸಾಲವನ್ನು ಬರೆಯುವವನು ಒಂದೇ ಏಟಿಗೆ ಎರಡನ್ನೂ ಮಾಡಿದಂತೆ.

ಬೆಳೆಗಾರರೊಬ್ಬರ ಅಂಥ ಚೆಕ್ಕು ಹಿಂದೊಮ್ಮೆ ನನ್ನ ತಿಜೋರಿಯಲ್ಲೂ ಇತ್ತು. ಬಾಕಿಗಾಗಿ ಮಾತು ಬೆಳೆದ ದಿನ ಬಡ್ಡಿಯ ಮೇಲೆ ಬಡ್ಡಿ ಸೇರಿಸಿ ಬರೆಯಲು ಲೇಖನಿ ಹಿಡಿದವನೂ ನಾನೇ. ಖಾತೆ ತೆರೆದು ನೋಡಿದಾಗ ಅಷ್ಟು ಹಣ ಬರಬೇಕಾಗಿರಲಿಲ್ಲ. ಮರುದಿನ ಚೆಕ್ಕನ್ನು ಹಿಂದಿರುಗಿಸಿ, ನಿಜವಾದ ಬಾಕಿಗೆ ಕಂತು ಗೊತ್ತುಮಾಡಿದೆ. ಹಣ ತಡವಾಗಿಯಾದರೂ ಬಂದಿತು. ನ್ಯಾಯಾಲಯದ ಮೆಟ್ಟಿಲೇರುವ ಮುನ್ನ ನಮ್ಮ ಖಾತೆಯನ್ನು ನಾವೇ ಒಮ್ಮೆ ತೆರೆದು ನೋಡುವುದು ಒಳಿತು.