ಮೆಣಸಿನಕಾಯಿಯ ಖಾರ ಮತ್ತು ಮೈಸೂರು

ಅತಿ ಖಾರದ ಮೆಣಸಿನಕಾಯಿ ಮೈಸೂರು ಸೀಮೆಯ ಬೆಳೆಯಲ್ಲ. ಮೈಸೂರಿಗೆ ಈ ವಿಷಯದಲ್ಲಿ ಹೆಸರು ಬಂದದ್ದು ಖಾರವನ್ನು ಅಳೆದದ್ದರಿಂದ.

ಕನ್ನಡದಲ್ಲಿ ಮೆಣಸು ಎಂದರೆ ಮೊದಲು ಕಾಳುಮೆಣಸು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅಮೆರಿಕ ಖಂಡದಿಂದ ತಂದ ಕಾಯಿಗೂ ಆ ಹೆಸರೇ ಅಂಟಿತು. ಮಲೆನಾಡಿನವರ ಜೀರಿಗೆ ಮೆಣಸನ್ನು ಕೊಡಗಿನವರು ಇಂದಿಗೂ ಪರಂಗಿ ಮೆಣಸು ಎನ್ನುತ್ತಾರೆ; ಬಂದ ದಾರಿ ಹೆಸರಿನಲ್ಲೇ ಉಳಿದಿದೆ. ಕಿರುಬೆರಳ ಉಗುರಿನಷ್ಟಿರುವ ಈ ಕಾಯಿಯೇ ನಮ್ಮ ಕಡೆಯ ನಿಜವಾದ ಉರಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿಗೆ ಬೇಡಿಕೆ ಇರುವುದು ಬಣ್ಣಕ್ಕೆ, ಖಾರಕ್ಕಲ್ಲ.

ಖಾರಕ್ಕೆ ಮೊದಲು ಅಂಕ ಕೊಟ್ಟವನು ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್, 1912ರಲ್ಲಿ. ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುವಾಗಿಸುತ್ತ ಹೋಗಿ, ನಾಲಿಗೆಗೆ ಇನ್ನೇನು ತಿಳಿಯದು ಎನ್ನುವ ಹಂತಕ್ಕೆ ನಿಲ್ಲಿಸಿ, ಎಷ್ಟು ಪಾಲು ನೀರು ಹಿಡಿಯಿತೆಂದು ಲೆಕ್ಕ ಹಾಕುವುದು ಅವನ ಕ್ರಮ. ಸರಳವೇನೋ ಹೌದು. ಆದರೆ ಮೊದಲ ಲೋಟದ ಉರಿ ಎರಡನೆಯದಕ್ಕೂ ದಾಟುತ್ತದೆ, ದಿನಾ ಖಾರ ತಿನ್ನುವವನ ನಾಲಿಗೆ ಮರಗಟ್ಟಿರುತ್ತದೆ. ಈ ತೊಡಕಿಗೆ ಕೈಹಾಕಿದ್ದು, ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರ ಅಕ್ಟೋಬರ್ 21ರಂದು ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಊರಿನವರ ಬಾಯಲ್ಲಿ ಸಿಎಫ್‌ಟಿಆರ್‌ಐ. ಅಲ್ಲಿನ ವಿ.ಎಸ್. ಗೋವಿಂದರಾಜನ್ ಮತ್ತು ಸಂಗಡಿಗರು 1977ರಲ್ಲಿ ಸ್ಕೋವಿಲ್ ಪರೀಕ್ಷೆಗೆ ಒಂದು ಶಿಸ್ತಿನ ವಿಧಾನ ರೂಪಿಸಿದರು. ಮೆಣಸಿನಕಾಯಿಯ ಇತಿಹಾಸ, ಕೃಷಿ, ರಸಾಯನ, ದೇಹದ ಮೇಲಿನ ಪರಿಣಾಮ ಎಲ್ಲವನ್ನೂ ಜಾಲಾಡಿ 1985ರಿಂದ 1991ರವರೆಗೆ ಕಂತು ಕಂತಾಗಿ ಬಂದ ಗೋವಿಂದರಾಜನ್ ಅವರ ಸಮೀಕ್ಷೆ ಈ ಕ್ಷೇತ್ರದವರಿಗೆ ಕೈಪಿಡಿಯಂತಾಯಿತು. ಈಗ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತುವಿನ ಪ್ರಮಾಣವನ್ನು ಯಂತ್ರವೇ ಹೇಳುತ್ತದೆ. ಶುದ್ಧ ಕ್ಯಾಪ್ಸೈಸಿನ್ ಸುಮಾರು 1.6 ಕೋಟಿ ಸ್ಕೋವಿಲ್ ಅಂಕ ತೂಗುತ್ತದೆ.

ಹಸಿ ಕಾಯೊಂದನ್ನು ಉದ್ದಕ್ಕೆ ಸೀಳಿದರೆ ತೊಟ್ಟಿನಿಂದ ಇಳಿದ ಬಿಳಿ ದಿಂಡು ಕಾಣುತ್ತದೆ. ಕ್ಯಾಪ್ಸೈಸಿನ್ ಹುಟ್ಟುವುದು ಅಲ್ಲಿ; ಬೀಜಕ್ಕೆ ಬರಿ ಸೋಂಕು. ಬೀಜ ಕೊಡವಿದರೆ ಖಾರ ತಗ್ಗುವುದು ದಿಂಡೂ ಜೊತೆಗೆ ಕಿತ್ತುಬರುವುದರಿಂದ. ನೀರಿಗೆ ಕರಗದ ಈ ವಸ್ತುವಿಗೆ ಮಜ್ಜಿಗೆಯೇ ಮದ್ದು. ಆ ದಿಂಡಿನ ಅಂಗಾಂಶವನ್ನೇ ದ್ರವದಲ್ಲಿ ಬೆಳೆಸಿ ಕ್ಯಾಪ್ಸೈಸಿನ್ ಪಡೆಯುವ ಪ್ರಯೋಗವನ್ನು ಸಿಎಫ್‌ಟಿಆರ್‌ಐ 1990ರಲ್ಲಿ ಪ್ರಕಟಿಸಿತು. 2004ರಲ್ಲಿ ಜೀರಿಗೆ ಮೆಣಸಿನ ಅಂಗಾಂಶ ಕೃಷಿಯ ವಿಧಾನವೂ ಬಂತು.

ಅಷ್ಟರಲ್ಲಿ ಲೋಕದ ಕಣ್ಣು ಈಶಾನ್ಯದತ್ತ ಹೊರಳಿತ್ತು. ತೇಜ್‌ಪುರದ ಕಾಯಿಯೊಂದರ ಖಾರ 8,55,000 ಅಂಕ ಎಂಬ ವರದಿ 2000ದಲ್ಲಿ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂದಾಗ ನಂಬದವರೇ ಹೆಚ್ಚು. 2007ರಲ್ಲಿ ಅದೇ ಸೀಮೆಯ ಭೂತ್ ಜೊಲೊಕಿಯಾ 10,01,304 ಅಂಕದೊಂದಿಗೆ ಗಿನ್ನೆಸ್ ದಾಖಲೆಗೇರಿತು. 2023ರಲ್ಲಿ ಅಮೆರಿಕದ ಪೆಪ್ಪರ್ ಎಕ್ಸ್ ತಲುಪಿದ್ದು 26,93,000.

ಮೈಸೂರು ಎಡವಿದ್ದೂ ಉಂಟು: ಖಾರದ ಜೀನ್ ಸಿಕ್ಕಿತೆಂದು ಸಿಎಫ್‌ಟಿಆರ್‌ಐ ತಂಡ 2006ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದ ಪ್ರಬಂಧ 2008ರಲ್ಲಿ ವಾಪಸಾಯಿತು. ವಿಜ್ಞಾನಿಗಳು ಈಗ ಒಪ್ಪಿರುವುದು ಅಮೆರಿಕದಲ್ಲಿ 2005ರಲ್ಲಿ ಗುರುತಿಸಲಾದ ಪನ್1 ಜೀನನ್ನು.